ಒಂದೇ ಪ್ಯಾಂಟು, ಎರಡು ತೂಕ

ನನ್ನ ಬೀರುವಿನಲ್ಲಿ 34 ಇಂಚು ಸೊಂಟದ ಬೂದು ಬಣ್ಣದ ಪ್ಯಾಂಟೊಂದಿದೆ. ಒಂದೂವರೆ ವರ್ಷದ ಹಿಂದೆ ನಾನು 71 ಕೆ.ಜಿ. ಇದ್ದಾಗ ಅದು ಸರಿಯಾಗಿ ಕೂರುತ್ತಿತ್ತು. ಈಗ 77.5 ಕೆ.ಜಿ. ಇದ್ದೇನೆ, ಸೊಂಟಕ್ಕೆ ಈಗಲೂ ಸರಿಯಾಗಿಯೇ ಕೂರುತ್ತದೆ. ನಡುವೆ ಕೆಲವು ತಿಂಗಳು ಮಾತ್ರ ಉಸಿರು ಬಿಗಿಹಿಡಿದರೂ ಅದರ ಗುಂಡಿ ಸೇರುತ್ತಿರಲಿಲ್ಲ. ಕೊಬ್ಬು ಇಳಿಯಬೇಕು, ಸ್ನಾಯು ಬೆಳೆಯಬೇಕು ಎಂದು ದಾವಣಗೆರೆಯ ನಮ್ಮ ಮನೆಯ ಊಟದಲ್ಲಿಯೇ ಮೂರು ದಾರಿಗಳನ್ನು ನಡೆದು ನೋಡಿದ ಲೆಕ್ಕ ಇದು. ನನಗೆ 39 ವರ್ಷ. ದಿನವಿಡೀ ಕುರ್ಚಿಯ ಮೇಲಿನ ಕೆಲಸ.

ಮೊದಲನೆಯದು ಎಲ್ಲರೂ ಹಿಡಿಯುವ ದಾರಿ: ಊಟ ಕಡಿಮೆ ಮಾಡು, ನಡೆ. ಅನ್ನ ಬಿಟ್ಟೆ, ರಾತ್ರಿ ಊಟ ಬಿಟ್ಟೆ, ಬೆಳಿಗ್ಗೆ ಒಂದು ಗಂಟೆ ಮೈದಾನ ಸುತ್ತಿದೆ. ನಾಲ್ಕು ತಿಂಗಳಲ್ಲಿ 82ರಿಂದ 71ಕ್ಕೆ ಇಳಿದೆ, ಸೊಂಟ 98 ಸೆಂ.ಮೀ.ನಿಂದ 88ಕ್ಕೆ ಬಂತು. ಬಂಧುಗಳು ಮೆಚ್ಚಿದರು, ಅಮ್ಮ ಮಾತ್ರ ‘ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿಕೋ’ ಎಂದರು. ಅವರ ಕಣ್ಣು ತಪ್ಪಿರಲಿಲ್ಲ. ಹದಿನೈದು ದಂಡ ಹೊಡೆಯುತ್ತಿದ್ದವನು ಆರಕ್ಕೆ ಕುಸಿದಿದ್ದೆ, 25 ಕೆ.ಜಿ. ಅಕ್ಕಿ ಚೀಲ ಹೊತ್ತು ಎರಡನೇ ಮಹಡಿ ಹತ್ತುವಷ್ಟರಲ್ಲಿ ಕಾಲು ನಡುಗುತ್ತಿತ್ತು. ಆಮೇಲೆ ಲೆಕ್ಕ ಹಾಕಿದರೆ ದಿನಕ್ಕೆ ತಿನ್ನುತ್ತಿದ್ದ ಪ್ರೋಟೀನ್ ಸುಮಾರು 45 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಾಮಾನ್ಯ ಜನರಿಗೇ ದೇಹತೂಕದ ಕೆ.ಜಿ.ಗೆ 0.83 ಗ್ರಾಂ ಎನ್ನುತ್ತದೆ. ನನ್ನದು ಅದಕ್ಕೂ ಕಡಿಮೆ. ಭಾರ ಎತ್ತುವ ಕೆಲಸ ಕೊಡದೆ, ಪ್ರೋಟೀನೂ ಕೊಡದೆ ಉಪವಾಸ ಕೆಡವಿದರೆ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ತೂಕದ ಯಂತ್ರಕ್ಕೆ ಎರಡೂ ಒಂದೇ.

ಎರಡನೆಯ ದಾರಿ ಹೇಳಿಕೊಟ್ಟವರು ನಮ್ಮ ಬೀದಿಯ ಹಳೆಯ ಗರಡಿಯ ಉಸ್ತಾದರು. ‘ಮೊದಲು ತಿನ್ನು, ಆಮೇಲೆ ಎತ್ತು, ಹೊಟ್ಟೆಯ ಚಿಂತೆ ಕೊನೆಗೆ’ ಎಂದರು. ಜಿಮ್ಮಿನ ಹುಡುಗರು ಹೇಳುವ ‘ಬಲ್ಕಿಂಗ್’ ಕೂಡ ಇದೇ, ಬಾದಾಮಿ ಹಾಲಿನ ಬದಲು ಅವರದು ಡಬ್ಬಿಯ ಪುಡಿ. ಆರು ತಿಂಗಳು ದಿನಕ್ಕೆ ಒಂದೂವರೆ ಲೀಟರ್ ಹಾಲು, ಬಾಳೆಹಣ್ಣು, ಬಾದಾಮಿ, ಹಿಡಿಗಟ್ಟಲೆ ಶೇಂಗಾ. ಬೆಣ್ಣೆ ದೋಸೆಯ ಊರಿನಲ್ಲಿ ‘ಹೆಚ್ಚು ತಿನ್ನು’ ಎಂಬ ಅಪ್ಪಣೆ ಸಿಕ್ಕರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಸುಖದ ದಿನಗಳವು. ಸ್ಕ್ವಾಟ್, ಅಂದರೆ ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವುದು, 40 ಕೆ.ಜಿ.ಯಿಂದ 85ಕ್ಕೆ ಏರಿತು, ಭುಜ ತುಂಬಿಕೊಂಡಿತು. ತೂಕ 81, ಸೊಂಟ 97. ಬಲ ಬಂದಿತ್ತು, ಹೊಟ್ಟೆಯೂ ಬಂದಿತ್ತು. ನನ್ನ ದೊಡ್ಡ ತಪ್ಪು ಶೇಂಗಾ. ಅದನ್ನು ಪ್ರೋಟೀನ್ ಎಂದು ತಿನ್ನುತ್ತಿದ್ದೆ. 100 ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇರುವುದು ನಿಜ, ಆದರೆ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬು. ಕ್ಯಾಲರಿ 560 ದಾಟುತ್ತದೆ.

ಮೂರನೆಯದು ಎರಡನ್ನೂ ಒಟ್ಟಿಗೆ ಮಾಡುವ ಪ್ರಯತ್ನ. ದಿನದ ಖರ್ಚಿಗಿಂತ ಸುಮಾರು 200 ಕ್ಯಾಲರಿ ಮಾತ್ರ ಕಡಿಮೆ, ಪ್ರೋಟೀನ್ ಕೆ.ಜಿ.ಗೆ 1.6 ಗ್ರಾಂ ಆಸುಪಾಸು, ವಾರಕ್ಕೆ ಮೂರು ದಿನ ಭಾರ. ಇದು ಸಾಧ್ಯವೇ ಇಲ್ಲ, ಇಳಿಸುವುದಾದರೆ ಇಳಿಸು, ಬೆಳೆಸುವುದಾದರೆ ಬೆಳೆಸು ಎಂದು ಜಿಮ್ಮಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಆದರೆ ಸ್ನಾಯು ಕಟ್ಟಲು ಬೇಕಾದ ಸಾಮಗ್ರಿ ತಟ್ಟೆಯಿಂದ ಬಂದರೆ, ಶಕ್ತಿಯ ಕೊರತೆಯನ್ನು ಹೊಟ್ಟೆಯ ಮೇಲಿನ ದಾಸ್ತಾನು ತುಂಬಬಲ್ಲದು. 2016ರಲ್ಲಿ ಪ್ರಕಟವಾದ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಅಧಿಕ ತೂಕದ ಯುವಕರು ನಾಲ್ಕು ವಾರ ಕ್ಯಾಲರಿಯನ್ನು ಶೇ 40ರಷ್ಟು ಕಡಿತಗೊಳಿಸಿ ಕಠಿಣ ವ್ಯಾಯಾಮ ಮಾಡಿದ್ದರು. ಕೆ.ಜಿ.ಗೆ 2.4 ಗ್ರಾಂ ಪ್ರೋಟೀನ್ ತಿಂದವರು 4.8 ಕೆ.ಜಿ. ಕೊಬ್ಬು ಕಳೆದುಕೊಂಡು, ಕೊಬ್ಬಲ್ಲದ ತೂಕವನ್ನು 1.2 ಕೆ.ಜಿ. ಗಳಿಸಿದರು. 1.2 ಗ್ರಾಂ ತಿಂದವರು ಕಳೆದುಕೊಂಡ ಕೊಬ್ಬು 3.5 ಕೆ.ಜಿ., ಗಳಿಕೆ ಇಲ್ಲವೆನ್ನುವಷ್ಟು. ಅವರಿಗೆ ಊಟ ಸಿದ್ಧಪಡಿಸಿ ಕೊಡುತ್ತಿದ್ದವರು ಸಂಶೋಧಕರು. ನಮ್ಮ ಮನೆಯಲ್ಲಿ ಅಮ್ಮ ಇದ್ದಾರೆ.

ಅಮ್ಮನ ಅಡುಗೆಮನೆಯ ಹೊಸ್ತಿಲನ್ನು ಮೊಟ್ಟೆ ದಾಟುವಂತಿಲ್ಲ. ಹಾಗಾಗಿ ಮಹಡಿಯ ಮೇಲೆ ಒಂದು ಇಂಡಕ್ಷನ್ ಒಲೆ ಇಟ್ಟುಕೊಂಡೆ. ದಿನಕ್ಕೆ ನಾಲ್ಕು ಮೊಟ್ಟೆ, ಪ್ರೋಟೀನ್ 24 ಗ್ರಾಂ. ನೆನೆಸಿ ಹಿಂಡಿದ ಸೋಯಾ ಚಂಕ್ಸ್ ಒಣಗಿದ್ದಾಗ 50 ಗ್ರಾಂ ತೂಗುವಷ್ಟು, 26. ನೂರು ಗ್ರಾಂ ಪನೀರ್, 18. ಹಾಲು ಮೊಸರು ಸೇರಿ ಅರ್ಧ ಲೀಟರ್, 16. ಮೊಳಕೆ ಹೆಸರುಕಾಳು ಅಥವಾ ಬೇಳೆ, 14. ಎರಡು ಜೋಳದ ರೊಟ್ಟಿ, ಒಂದು ಹಿಡಿ ಅನ್ನ, ಪಲ್ಯಗಳಿಂದ ಉಳಿದ ಇಪ್ಪತ್ತು. ಒಟ್ಟು 120ಕ್ಕೆ ಎರಡು ಕಡಿಮೆ. ಕಡಿತವಾದದ್ದು ರೊಟ್ಟಿಯಲ್ಲ, ಒಗ್ಗರಣೆಯ ಎಣ್ಣೆ, ಸಂಜೆಯ ಮಿರ್ಚಿ, ಶೇಂಗಾ ಚಟ್ನಿಯ ಎರಡನೇ ಚಮಚ.

ಮೊದಲ ಆರು ವಾರ ತೂಕ ಅರ್ಧ ಕಿಲೋ ಕೂಡ ಅಲುಗಲಿಲ್ಲ. ಮೊದಲ ದಾರಿಯಲ್ಲಿ ಪ್ರತಿ ಸೋಮವಾರ ಯಂತ್ರ ಬೆನ್ನು ತಟ್ಟುತ್ತಿತ್ತು, ಎರಡನೆಯದರಲ್ಲಿ ಕನ್ನಡಿ ತಟ್ಟುತ್ತಿತ್ತು. ಇಲ್ಲಿ ಇಬ್ಬರೂ ಮುಖ ತಿರುಗಿಸಿದ್ದರು. ಬಿಟ್ಟೇಬಿಡುತ್ತಿದ್ದೆ. ತಡೆದದ್ದು ಹೊಲಿಗೆಯ ಟೇಪು: ಸೊಂಟ 97ರಿಂದ 94 ಆಗಿತ್ತು. ಎಂಟು ತಿಂಗಳಿಗೆ ತೂಕ ಇಳಿದದ್ದು ಮೂರೂವರೆ ಕಿಲೋ, ಸೊಂಟ 87ಕ್ಕೆ, ಸ್ಕ್ವಾಟ್ 100ಕ್ಕೆ.

ಮೂರನ್ನೂ ಪಕ್ಕಪಕ್ಕ ಇಟ್ಟರೆ ಬೇಗ ಇಳಿಯಲು ಮೊದಲನೆಯದು, ಬೇಗ ಬಲ ಬರಲು ಎರಡನೆಯದು. ಮೂರನೆಯದು ಎರಡರಲ್ಲೂ ನಿಧಾನ. ಆದರೆ ನನ್ನ ನಿಜವಾದ ಪರೀಕ್ಷೆ ಯುಗಾದಿ. ಮೊದಲ ದಾರಿಯಲ್ಲಿ ಒಂದು ಹೋಳಿಗೆ ತಿಂದದ್ದಕ್ಕೆ ಎರಡು ದಿನ ಪಶ್ಚಾತ್ತಾಪಪಟ್ಟು, ಮೂರನೇ ದಿನ ಏಳು ತಿಂದಿದ್ದೆ. ಮೂರನೆಯದರಲ್ಲಿ ತುಪ್ಪ ಹಾಕಿಸಿಕೊಂಡು ಎರಡು ತಿಂದೆ, ಮರುದಿನ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಚೆನ್ನಾಗಿ ಬಂತು.

ಎಲ್ಲರಿಗೂ ಇದನ್ನೇ ಹೇಳುವುದಿಲ್ಲ. ಹೊಸದಾಗಿ ಭಾರ ಎತ್ತುವವರಿಗೆ, ಬಿಟ್ಟು ಮರಳಿದವರಿಗೆ, ಮೈಮೇಲೆ ಕೊಬ್ಬಿನ ದಾಸ್ತಾನು ಇರುವವರಿಗೆ ಇದು ಫಲಿಸುತ್ತದೆ. 24 ವರ್ಷದ ನನ್ನ ಭಾವಮೈದುನ 56 ಕೆ.ಜಿ. ಇದ್ದಾನೆ, ಅವನಿಗೆ ಶೇಂಗಾ ಅಳೆದು ಕೊಟ್ಟು ಉಸ್ತಾದರ ದಾರಿಗೆ ಕಳುಹಿಸಿದ್ದೇನೆ. ಮೂತ್ರಪಿಂಡದ ತೊಂದರೆ ಇರುವ ದೊಡ್ಡಪ್ಪ ಕೇಳಿದಾಗ, ವೈದ್ಯರು ಹೇಳದೆ ಪ್ರೋಟೀನ್ ಏರಿಸಬೇಡಿ ಎಂದೆ. ನನ್ನ ಸ್ಕ್ವಾಟ್ ಎರಡು ತಿಂಗಳಿಂದ 100ರಲ್ಲೇ ನಿಂತಿದೆ, ಆದ್ದರಿಂದ ದಸರಾ ಮುಗಿದ ಮೇಲೆ ದಿನಕ್ಕೆ 200 ಕ್ಯಾಲರಿ ಹೆಚ್ಚಿಸಿ ನೋಡುವವನಿದ್ದೇನೆ. ಬೂದು ಪ್ಯಾಂಟನ್ನು ಹೋದ ವಾರ ದರ್ಜಿಯ ಬಳಿ ಕೊಟ್ಟು ಬಂದೆ. ಸೊಂಟ ಮುಟ್ಟಬೇಡಿ, ತೊಡೆಯ ಹತ್ತಿರ ಒಂದಿಂಚು ಬಿಚ್ಚಿಕೊಡಿ ಎಂದರೆ, ಇಪ್ಪತ್ತು ವರ್ಷದಲ್ಲಿ ಇದೇ ಮೊದಲು ಹೀಗೆ ಕೇಳಿದ್ದು ಎಂದರು.