ದೊಡ್ಡ ಸಬ್‌ವೂಫರ್‌ಗೆ ಯಾವ ಜಾಲರಿ? ನಾಲ್ಕನ್ನು ಹಾಕಿ ತೆಗೆದ ಮೇಲೆ

ನನ್ನ ಬಳಿ 18 ಇಂಚಿನ ಎರಡು ಸಬ್‌ವೂಫರ್ (ಬಾಸ್, ಅಂದರೆ ತೀರ ಕೆಳಗಿನ ಸ್ವರಗಳನ್ನು ನುಡಿಸುವ ಸ್ಪೀಕರ್) ಪೆಟ್ಟಿಗೆಗಳಿವೆ. ಎರಡನ್ನೂ ಪ್ಲೈವುಡ್‌ನಲ್ಲಿ ನಾನೇ ಕಟ್ಟಿದ್ದು. ಮುಂಭಾಗದಲ್ಲೇ ಪೋರ್ಟ್ (ಒಳಗಿನ ಗಾಳಿ ಹಾಯುವ ಕಿಂಡಿ) ಇರುವ, 38 ಹರ್ಟ್ಸ್ ಸುತ್ತ ಶ್ರುತಿ ಮಾಡಿದ ಬಗೆಯವು. ಮೊದಲ ಕೆಲವು ತಿಂಗಳು ಅವನ್ನು ಬರಿಮೈಯಲ್ಲೇ ಬಿಟ್ಟಿದ್ದೆ. ಸದ್ದು ಹೊರಡಿಸುವ ಪೊರೆ, ಅಂದರೆ ಅಷ್ಟು ದೊಡ್ಡ ಕೋನ್, ಉಸಿರಾಡಿದಂತೆ ಹಿಂದೆ ಮುಂದೆ ಸರಿಯುವುದನ್ನು ನೋಡುವುದೇ ಒಂದು ಸುಖ. ಒಂದು ದಿನ ಯಾರೋ ಎಳೆದ ಕುರ್ಚಿಯ ಕಾಲು ನೇರವಾಗಿ ಕೋನ್‌ಗೆ ತಗುಲಿತು. ಪುಣ್ಯಕ್ಕೆ ಹರಿಯಲಿಲ್ಲ. ಆದರೆ ಬೆರಳುದ್ದದ ಸುಕ್ಕೊಂದು ಈಗಲೂ ಉಳಿದಿದೆ. ಆ ಸಂಜೆಯೇ ಜಾಲರಿಯ ಹುಡುಕಾಟ ಶುರುವಾಯಿತು.

ಬಟ್ಟೆ ಹೊದಿಸಿದ ಚೌಕಟ್ಟು, ಉಕ್ಕಿನ ಸರಳುಗಳ ಜಾಲರಿ, ದೋಸೆಯ ಕಾವಲಿಯಷ್ಟು ದುಂಡಗೆ ಅಚ್ಚೊತ್ತಿದ ಚೌಕುಳಿ ಉಕ್ಕಿನ ಜಾಲರಿ, ಇಡೀ ಮುಂಭಾಗವನ್ನು ಮುಚ್ಚುವ ರಂಧ್ರಗಳ ಉಕ್ಕಿನ ಹಾಳೆ. ಈ ನಾಲ್ಕನ್ನೂ ಒಂದಾದ ಮೇಲೊಂದು ಹಾಕಿ ನೋಡಿದೆ. ಪರೀಕ್ಷೆ ಎಲ್ಲಕ್ಕೂ ಒಂದೇ: 20 ಹರ್ಟ್ಸ್‌ನಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಶುದ್ಧ ಸ್ವರ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

ಜಾಲರಿ ಹಾಕಿದರೆ ಬಾಸ್ ಕುಗ್ಗುತ್ತದೆ ಎಂಬ ಭಯ ನನಗೂ ಇತ್ತು. ಲೆಕ್ಕ ಹಾಕಿದರೆ ಆ ಭಯಕ್ಕೆ ಆಧಾರವಿಲ್ಲ. 50 ಹರ್ಟ್ಸ್ ಸ್ವರದ ಅಲೆಯುದ್ದ ಸುಮಾರು 6.9 ಮೀಟರ್. ಅಷ್ಟುದ್ದದ ಅಲೆಗೆ ಆರು ಮಿಲಿಮೀಟರ್ ರಂಧ್ರಗಳ ತೆಳು ಹಾಳೆ ಇದ್ದೂ ಇಲ್ಲದಂತೆ. ಏರುಸ್ವರ ನುಡಿಸುವ ಚಿಕ್ಕ ಸ್ಪೀಕರಾದ ಟ್ವೀಟರ್‌ನ ಮಾತು ಬೇರೆ. 10,000 ಹರ್ಟ್ಸ್‌ನಲ್ಲಿ ಅಲೆಯುದ್ದ ಮೂರೂವರೆ ಸೆಂಟಿಮೀಟರ್ ಮಾತ್ರ, ಅಲ್ಲಿ ಜಾಲರಿಯ ಅಂಚುಗಳೂ ಕಿವಿಗೆ ಸಿಗಬಹುದು. ಸಬ್‌ವೂಫರ್‌ನಲ್ಲಿ ನಾನು ಹೋರಾಡಬೇಕಾಗಿ ಬಂದದ್ದು ಬೇರೆ ಎರಡರೊಂದಿಗೆ: ಜಾಲರಿಯೇ ಹೊರಡಿಸುವ ಗಡಗಡ ಸದ್ದು, ಮತ್ತು ಕೋನ್‌ಗೆ ಮುಂದೆ ಬರಲು ಬೇಕಾದ ಜಾಗ.

ಬಟ್ಟೆಯ ಚೌಕಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 12 ಮಿಲಿಮೀಟರ್ ಎಂಡಿಎಫ್ ಹಲಗೆಯ ಚೌಕಟ್ಟು ಮಾಡಿ, ಬಾಯಿಯಿಂದ ಊದಿದರೆ ಉಸಿರು ಸರಾಗವಾಗಿ ದಾಟುವ ಸ್ಪೀಕರ್ ಬಟ್ಟೆ ಬಿಗಿದು, ನಾಲ್ಕು ಮೂಲೆಗೆ ಆಯಸ್ಕಾಂತ ಇಟ್ಟೆ. ನೋಡಲು ನಾಲ್ಕರಲ್ಲೂ ಇದೇ ಚಂದ. ಜೋರಾದ ಬಾಸ್ ಬಂದಾಗ ಬಟ್ಟೆ ಪಟಪಟ ಬಡಿದುಕೊಂಡಿತು, ಚೌಕಟ್ಟು ಆಯಸ್ಕಾಂತಗಳ ಮೇಲೆ ನಡೆಯುತ್ತಾ ಹತ್ತು ನಿಮಿಷದಲ್ಲಿ ಒಂದು ಬೆರಳು ಕೆಳಗೆ ಜಾರಿತು. ಕುರ್ಚಿಯ ಕಾಲಿಗೆ ಬಟ್ಟೆ ಯಾವ ಅಡ್ಡಿ? ಇದು ಧೂಳು ತಡೆಯುವ ಪರದೆ, ಅಷ್ಟೇ.

ಸರಳುಗಳ ಜಾಲರಿಯೂ ಬೇಗ ಮುಗಿದ ಕತೆ. ಉಂಗುರಗಳ ಮೇಲೆ ಅಡ್ಡಕ್ಕೆ ಸರಳು ಬೆಸೆದ, ಮಿರಿಮಿರಿ ಹೊಳೆಯುವ ಬಗೆ. ಗಾಳಿಗೆ ಇದರಷ್ಟು ಬಿಡುವು ಬೇರೆ ಯಾವುದರಲ್ಲೂ ಇಲ್ಲ. ಆದರೆ ಬೆಸುಗೆ ಸರಿಯಾಗಿ ಕೂರದ ಒಂದೇ ಒಂದು ಸರಳು 61 ಹರ್ಟ್ಸ್‌ನಲ್ಲಿ ತಂಬೂರಿಯಂತೆ ಝೇಂಕರಿಸಿತು. ಅದಕ್ಕೆ ರಬ್ಬರ್ ತುಂಡು ತುರುಕಿದರೆ ಪಕ್ಕದ ಸರಳು ಶುರು. ಜೊತೆಗೆ ಸರಳುಗಳ ನಡುವಿನ ಸಂದಿಯಲ್ಲಿ ಮಗುವಿನ ಕೈ ಸಲೀಸಾಗಿ ಹೋಗುತ್ತದೆ.

ಹೆಚ್ಚು ದಿನ ನುಂಗಿದ್ದು ಚೌಕುಳಿ ಜಾಲರಿ. ವೃತ್ತಿಪರ ಪೆಟ್ಟಿಗೆಗಳಲ್ಲಿ ಕಾಣುವ, ದಪ್ಪ ಉಕ್ಕಿನಲ್ಲಿ ಒತ್ತಿ ಮಾಡಿದ, ಒದ್ದರೂ ಅಲುಗದ ಬಗೆ. ಅಂಚಿಗೆ ರಬ್ಬರ್ ಪಟ್ಟಿ, ಜೊತೆಗೆ ನಾಲ್ಕು ಕ್ಲ್ಯಾಂಪ್. ಹಾಕುವುದು ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಹಾಕಿಯೂ ಆಯಿತು. ಜೋರು ಮಾಡಿದಾಗ 28 ಹರ್ಟ್ಸ್ ಬಳಿ ಟಪ್ ಟಪ್ ಎಂಬ ಸದ್ದು ಕೇಳಿಸಿತು. ಕೋನ್ ಅನ್ನು ಸ್ಪೀಕರ್‌ನ ಚೌಕಟ್ಟಿಗೆ ಸೇರಿಸುವ ಅಂಚಿನ ಮಡಿಕೆಯೇ ಉಕ್ಕಿಗೆ ಹೊಡೆಯುತ್ತಿತ್ತು. ಕಾಯಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು!

ಕಾರಣ ಸರಳವೇ, ಆದರೆ ಅಂಗಡಿಯಲ್ಲಿ ನಿಂತು ನೋಡಿದರೆ ಹೊಳೆಯುವುದಿಲ್ಲ. ಈ ಜಾಲರಿ ನಡುವೆ ಉಬ್ಬಿ, ಅಂಚಿನಲ್ಲಿ ತಗ್ಗಾಗಿರುತ್ತದೆ. ಕೋನ್‌ನ ಮಡಿಕೆ ಉಬ್ಬಿರುವುದು ಮಾತ್ರ ಅದೇ ಅಂಚಿನ ಬಳಿ. ಉದ್ದನೆಯ ಸ್ಕೇಲನ್ನು ಸ್ಪೀಕರ್‌ನ ಚೌಕಟ್ಟಿನ ಮೇಲೆ ಅಡ್ಡ ಇಟ್ಟು ಅಳೆದೆ. ಸುಮ್ಮನಿದ್ದಾಗಲೇ ಮಡಿಕೆ 6 ಮಿಲಿಮೀಟರ್ ಹೊರಗಿತ್ತು. ತಯಾರಕರು ಕೊಟ್ಟ ಮುಂಚಲನೆ 12 ಮಿಲಿಮೀಟರ್. ಅಲ್ಲಿಗೆ 18. ಜಾಲರಿ ಆ ಜಾಗದಲ್ಲಿ ಬಿಟ್ಟದ್ದೂ ಸರಿಯಾಗಿ 18! ತಯಾರಕರ ಅಂಕಿ ಸ್ವರ ಕೆಡದೆ ಆಡುವ ಮಿತಿಯೇ ಹೊರತು ಕೋನ್ ಹೋಗಬಲ್ಲ ಕೊನೆಯ ಗೆರೆಯಲ್ಲ. ಅದು ಇನ್ನೂ ಮುಂದೆ ಬರುತ್ತದೆ. ಅದರಲ್ಲೂ ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ಶ್ರುತಿಗಿಂತ ಕೆಳಗಿನ ಸ್ವರಗಳಿಗೆ ಒಳಗಿನ ಗಾಳಿ ಕೋನ್ ಅನ್ನು ಹಿಡಿದಿಡುವುದಿಲ್ಲ, ಅದು ಲಂಗುಲಗಾಮಿಲ್ಲದೆ ಆಡುತ್ತದೆ. 50 ಹರ್ಟ್ಸ್‌ನಲ್ಲಿ ಸುಮ್ಮನಿದ್ದ ಜಾಲರಿ 28ರಲ್ಲಿ ಬಡಿದದ್ದು ಅದಕ್ಕೇ.

12 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಒಂದು ಉಂಗುರ ಕೊರೆದು ಜಾಲರಿಯ ಕೆಳಗೆ ಕೊಟ್ಟೆ. ಬೋಲ್ಟ್‌ಗಳೂ ಅಷ್ಟೇ ಉದ್ದವಾಗಬೇಕಾಯಿತು. ಆಂಪ್ಲಿಫೈಯರ್‌ನಲ್ಲಿ 30 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಹಾಕಿದೆ. ನಿಜ ಹೇಳಬೇಕೆಂದರೆ ಅದು ಮೊದಲ ದಿನವೇ ಇರಬೇಕಿತ್ತು. ಉಂಗುರ ಸಾಕೋ ಇಲ್ಲವೋ ತಿಳಿಯಲು ಜಾಲರಿಯ ಒಳಮೈಗೆ ಅಲ್ಲಲ್ಲಿ ಆಟದ ಜೇಡಿಯ ಚಿಕ್ಕ ಉಂಡೆಗಳನ್ನು ಅಂಟಿಸಿ ಸ್ವರ ಹರಿಸಿದೆ. ಬಿಚ್ಚಿ ನೋಡಿದಾಗ ಒಂದು ಉಂಡೆಯ ಮೇಲೂ ಒತ್ತಿದ ಗುರುತಿರಲಿಲ್ಲ.

ಇನ್ನು ಕ್ಲ್ಯಾಂಪ್‌ಗಳ ಕತೆ. ಇಷ್ಟು ದೊಡ್ಡ ಜಾಲರಿಗೆ ನಾಲ್ಕು ಸಾಲವು. ಎರಡು ಕ್ಲ್ಯಾಂಪ್‌ಗಳ ನಡುವಿನ ಅಂಚು 43 ಹರ್ಟ್ಸ್‌ನಲ್ಲಿ ಗುಂಯ್‌ಗುಟ್ಟಿತು, ಬೆರಳಿಟ್ಟರೆ ನಿಂತಿತು. ಎಂಟು ಕ್ಲ್ಯಾಂಪ್ ಹಾಕಿದೆ, ಸದ್ದು ಹೋಯಿತು. ಸದ್ದು ಹೋದ ಖುಷಿಗೆ ಎಲ್ಲವನ್ನೂ ಶಕ್ತಿ ಬಿಟ್ಟು ಬಿಗಿದೆ. ಆಗ ಬಂದದ್ದು ಇನ್ನೊಂದು ಸದ್ದು, ಒಳಗಿನಿಂದ, ಮರಳು ಉಜ್ಜಿದಂತೆ. ಸ್ಪೀಕರ್‌ನ ಒತ್ತಿ ಮಾಡಿದ ಉಕ್ಕಿನ ಚೌಕಟ್ಟು ಕೂದಲೆಳೆಯಷ್ಟು ತಿರುಚಿಕೊಂಡು, ಕೋನ್ ಅನ್ನು ಆಡಿಸುವ ತಂತಿಯ ಸುರುಳಿ ಆಯಸ್ಕಾಂತದ ಸಂದಿಯಲ್ಲಿ ಉಜ್ಜುತ್ತಿತ್ತು. ಗಾಬರಿಯಿಂದ ಎಲ್ಲ ಸಡಿಲಿಸಿ, ಚಕ್ರದ ನಟ್ ಬಿಗಿಯುವಂತೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಮತ್ತೆ ಸ್ವರ ಹರಿಸಿದಾಗ ಆ ಉಜ್ಜುವ ಸದ್ದಿಲ್ಲದಿದ್ದರೆ ಸುರುಳಿ ಸರಿಯಿದೆ ಎಂದರ್ಥ. ಈ ಗಡಿಬಿಡಿಯಲ್ಲಿ ಪ್ಲೈವುಡ್ ಹಿಂದಿನ ಒಂದು ಟೀ-ನಟ್ (ಮರಕ್ಕೆ ಹಲ್ಲು ಕಚ್ಚಿ ಕೂರುವ ನಟ್) ಹಿಡಿತ ಬಿಟ್ಟು ಬೋಲ್ಟ್ ಜೊತೆಗೇ ಗಿರಗಿರ ತಿರುಗಲಾರಂಭಿಸಿತು. ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ. ಕೊನೆಗೆ ಕೋನ್ ಮೇಲೆ ದಪ್ಪ ರಟ್ಟು ಹಾಸಿ, ಬೋಲ್ಟ್ ತಲೆಯನ್ನು ಗರಗಸದಲ್ಲಿ ಕೊಯ್ದೆ. ರಟ್ಟಿಲ್ಲದೆ ಕೊಯ್ಯಬೇಡಿ, ಉಕ್ಕಿನ ಪುಡಿ ಆಯಸ್ಕಾಂತದತ್ತ ಸೆಳೆದುಕೊಂಡು ಹೋದರೆ ಅದನ್ನು ಹೊರತೆಗೆಯಲು ಒಂದು ಜನ್ಮ ಸಾಲದು.

ಎರಡನೆಯ ಪೆಟ್ಟಿಗೆಗೆ ರಂಧ್ರದ ಹಾಳೆ. ಅದರಲ್ಲಿ ಸ್ಪೀಕರ್ ಕೂರುವ ಹಲಗೆ ಪೆಟ್ಟಿಗೆಯ ಅಂಚಿನಿಂದ 30 ಮಿಲಿಮೀಟರ್ ಒಳಗಿದ್ದುದರಿಂದ ಜಾಗದ ತಕರಾರು ಹುಟ್ಟಲೇ ಇಲ್ಲ. 1.5 ಮಿಲಿಮೀಟರ್ ದಪ್ಪ, 6 ಮಿಲಿಮೀಟರ್‌ನ ಆರುಮೂಲೆ ರಂಧ್ರಗಳು, ನಡುವಿಂದ ನಡುವಿಗೆ 8 ಮಿಲಿಮೀಟರ್. ಅಂದರೆ ಹಾಳೆಯ ನೂರಕ್ಕೆ 56 ಭಾಗ ಬಯಲು. ಅದೇ 8 ಮಿಲಿಮೀಟರ್ ಅಂತರಕ್ಕೆ 5 ಮಿಲಿಮೀಟರ್ ದುಂಡು ರಂಧ್ರವಾಗಿದ್ದರೆ ಬಯಲು 35ಕ್ಕೆ ಇಳಿಯುತ್ತಿತ್ತು. ಪೌಡರ್ ಕೋಟಿಂಗ್ ಮಾಡಿಸಿ, ಒಳಗೆ ಗಾಳಿ ಹಾಯುವ ತೆಳು ಫೋಮ್ ಅಂಟಿಸಿದೆ. ಕೋಟಿಂಗ್ ಬೇಯುವುದು ಸುಮಾರು 180–200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಆದ್ದರಿಂದ ಫೋಮ್ ಸರದಿ ಆಮೇಲೆ.

ಇದರ ತೊಂದರೆ ಬೇರೆ. ಇಷ್ಟಗಲದ ಚಪ್ಪಟೆ ಹಾಳೆ ತಾನೇ ಒಂದು ತಮಟೆ. ಅಂಚುಗಳನ್ನು ಮಡಿಸಿದ್ದರೂ ನಡುಭಾಗ ಕಂಪಿಸಿತು. ಸ್ಪೀಕರ್‌ಗೂ ಪೋರ್ಟ್‌ಗೂ ನಡುವಿನ ಹಲಗೆಯಿಂದ ಒಂದು ಮರದ ತುಂಡು ಎಬ್ಬಿಸಿ, ಅದರ ತುದಿಗೆ ರಬ್ಬರ್ ಇಟ್ಟು ಹಾಳೆಗೆ ಒತ್ತುಕೊಟ್ಟೆ. ತಮಟೆ ಬಾಯಿ ಮುಚ್ಚಿತು. ಆದರೂ ಜೋರು ಮಾಡಿದಾಗ 35–40 ಹರ್ಟ್ಸ್ ಸುತ್ತ ಬುಸುಬುಸು ಎನ್ನುತ್ತಿತ್ತು, ಬಾಸ್‌ನ ಗುದ್ದೂ ಮೆತ್ತಗಾಗಿತ್ತು. ಫೋಮ್ ಕೋನ್ ಮುಂದೆ ಇದ್ದರೆ ಚಿಂತೆಯಿಲ್ಲ, ಆದರೆ ಶ್ರುತಿಯ ಬಳಿ ಗಾಳಿಯೆಲ್ಲ ನುಗ್ಗುವುದು ಪೋರ್ಟ್‌ನ ಇಕ್ಕಟ್ಟಿನಲ್ಲಿ. ಪೋರ್ಟ್ ಎದುರಿನ ಫೋಮನ್ನು ಬ್ಲೇಡಿನಿಂದ ಕೊಯ್ದು ತೆಗೆದೆ. ಬುಸುಬುಸು ಮುಕ್ಕಾಲು ಪಾಲು ಹೋಯಿತು, ಗುದ್ದು ಮರಳಿತು. ಮುಂದಿನಿಂದ ನೋಡಿದರೆ ಆ ಜಾಗ ಕಪ್ಪು ಕಿಟಕಿಯಂತೆ ಕಾಣುತ್ತದೆ; ನನಗೆ ಅದು ಚಂದವೇ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಮತ ಹಾಳೆಯ ಕಡೆಗೆ. ಅದರ ಸ್ಕ್ರೂಗಳು ಪೆಟ್ಟಿಗೆಯ ಅಂಚಿಗೆ ಬೀಳುವುದರಿಂದ ಸ್ಪೀಕರ್‌ನ ಚೌಕಟ್ಟಿನ ಗೊಡವೆಗೇ ಹೋಗುವುದಿಲ್ಲ. ಫೋಮ್ ಮಾತ್ರ ಬಿಸಿಲಿಗೂ ತೇವಕ್ಕೂ ವರ್ಷಗಳಲ್ಲಿ ಪುಡಿಯಾಗುತ್ತದೆ, ಆಗ ಕೆರೆದು ಹೊಸದು ಅಂಟಿಸಬೇಕು. ಆದರೆ ಹಲಗೆ ಒಳಗೆ ಕೂತಿರದ ಪೆಟ್ಟಿಗೆಗೆ ಹಾಳೆ ಹಾಕಲು ಮುಂಭಾಗವನ್ನೇ ಹೊಸದಾಗಿ ಕಟ್ಟಬೇಕು, ಅಲ್ಲಿ ಉಂಗುರದ ಮೇಲೆ ಕೂತ ಚೌಕುಳಿ ಜಾಲರಿಯೇ ಗತಿ. ಮೊದಲ ಪೆಟ್ಟಿಗೆ ಇವತ್ತಿಗೂ ಹಾಗೆಯೇ ಇದೆ, ಎಂಟರಲ್ಲಿ ಏಳು ಬೋಲ್ಟ್‌ಗಳ ಮೇಲೆ. ಎಂಟನೆಯ ಟೀ-ನಟ್ ಬದಲಿಸಲು ಸ್ಪೀಕರನ್ನೇ ಇಳಿಸಬೇಕು, ಅದಕ್ಕೆ ಇನ್ನೂ ಮನಸ್ಸು ಬಂದಿಲ್ಲ.