ಜೆಲ್ಲಾ, ಎರಡು ವಾರದ ಸೂಜಿನಾ, ಮೂರು ತಿಂಗಳದ್ದಾ?

ಟೆಸ್ಟೋಸ್ಟೆರಾನ್, ಅಂದರೆ ಗಂಡಸರ ಹಾರ್ಮೋನು, ಕಡಿಮೆ ಇದ್ದವರಿಗೆ ಡಾಕ್ಟರು ಸಾಮಾನ್ಯವಾಗಿ ಬರೆಯುವ ಮೂರು ಬಗೆಯನ್ನೂ ನಾನು ತಗೊಂಡು ನೋಡಿದ್ದೇನೆ. ಒಳಗೆ ಹೋಗೋದು ಅದೇ ಹಾರ್ಮೋನು. ರಿಪೋರ್ಟಿನಲ್ಲಿ ಅಂಕಿ ಮೂರರಲ್ಲೂ ಏರಿತು. ಆದರೆ ಅಂಕಿ ನೋಡಿ ಆರಿಸೋದು ಸುಮ್ನೆ. ಮಟ್ಟ ಹೇಗೆ ಏರಿ ಹೇಗೆ ಇಳಿಯುತ್ತದೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಇವೆರಡೇ ನನಗೆ ಮುಖ್ಯ ಅನ್ನಿಸಿದ್ದು.

ಅದಕ್ಕೂ ಮೊದಲು ರಕ್ತ ಪರೀಕ್ಷೆ. ಬೆಳಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ಕೊಡಬೇಕು. ಮಂಡ್ಯದ ಒಂದು ಲ್ಯಾಬಿನವರು "ಸಂಜೆ ಬನ್ನಿ ಸಾರ್, ರಶ್ ಇರಲ್ಲ" ಅಂದರು. ಸಂಜೆ ಹೊತ್ತಿಗೆ ಮಟ್ಟ ತಾನಾಗೇ ಇಳಿದಿರುತ್ತೆ, ಅಲ್ವಾ? ಅಮೆರಿಕದ ಯುರಾಲಜಿ ಡಾಕ್ಟರುಗಳ ಸಂಘ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗಿದ್ದರೆ, ಜೊತೆಗೆ ಲಕ್ಷಣವೂ ಇದ್ದರೆ ಮಾತ್ರ ಕಡಿಮೆ ಅನ್ನುತ್ತದೆ. ನನ್ನದು ಎರಡು ಸಲವೂ ಕೆಳಗಿತ್ತು. ವೃಷಣಕ್ಕೆ ಹಾರ್ಮೋನು ಮಾಡು ಅಂತ ಹೇಳುವ ಎಲ್‌ಎಚ್ ಕೂಡ ಕಡಿಮೆ, ಅಂದರೆ ತೊಂದರೆ ವೃಷಣದ್ದಲ್ಲ, ಅದಕ್ಕೆ ಆರ್ಡರ್ ಕೊಡುವ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಡೆಯದ್ದು. ಸುಸ್ತು ಅಂದ ತಕ್ಷಣ ಇದೇ ಕಾಯಿಲೆ ಅಂದುಕೊಳ್ಳಬೇಡಿ. ಥೈರಾಯ್ಡ್, ಶುಗರ್, ಉಸಿರು ಕಟ್ಟಿಸುವ ಗೊರಕೆ, ಇವೂ ಹಾಗೇ ಆಡಿಸುತ್ತವೆ.

ಮೈಸೂರಿನ ಡಾಕ್ಟರು ಮೊದಲು ಬರೆದದ್ದು ಜೆಲ್. ಒಂದು ಪರ್ಸೆಂಟಿನದು, 5 ಗ್ರಾಂ ಸ್ಯಾಷೆ, ಅದರಲ್ಲಿ 50 ಮಿಲಿಗ್ರಾಂ ಹಾರ್ಮೋನು. ಸ್ನಾನ ಆದಮೇಲೆ ಭುಜಕ್ಕೆ, ತೋಳಿಗೆ ಹಚ್ಚಿ, ಸೋಪಿನಿಂದ ಕೈ ತೊಳೆದು, ಒಣಗಿದ ಮೇಲೆ ಶರ್ಟು ಹಾಕಬೇಕು. ಮೈಗೆ ಇದು ತುಂಬಾ ಸಮಾಧಾನ. ಏರಿಳಿತ ಗೊತ್ತೇ ಆಗಲ್ಲ. ಬೇಡ ಅನ್ನಿಸಿದರೆ ನಿಲ್ಲಿಸಿದ ಕೆಲವೇ ದಿನದಲ್ಲಿ ಮೈಯಿಂದ ಹೋಗುತ್ತದೆ. ಆದರೆ ಏಪ್ರಿಲ್ ತಿಂಗಳಲ್ಲಿ, ಕರೆಂಟ್ ಹೋಗಿ ಫ್ಯಾನ್ ನಿಂತಾಗ, ಮೈಸೂರಿನ ಬೆಳಗ್ಗಿನ ರೈಲಿಗೆ ಟೈಮಾಗಿದೆ ಅಂತ ಭುಜಕ್ಕೆ ರಟ್ಟಿನಲ್ಲಿ ಗಾಳಿ ಹಾಕ್ಕೊಂಡು ನಿಂತಿರೋದು, ಅಂಟಂಟು ಚರ್ಮಕ್ಕೆ ಬನೀನು ಮೆತ್ತಿಕೊಳ್ಳೋದು, ಇದೆಲ್ಲ ಯಾವ ಚೀಟಿಯಲ್ಲೂ ಬರೆದಿರಲ್ಲ. ನಿಜವಾದ ತಲೆನೋವು ಮಗಳು. ಅವಳಿಗೆ ಅಪ್ಪನ ಹೆಗಲೇ ಆಟದ ಜಾಗ. ಹಚ್ಚಿದ ಜಾಗ ತಾಗಿ ಚಿಕ್ಕ ಮಕ್ಕಳಲ್ಲಿ ಬೇಗ ಪ್ರೌಢತೆಯ ಲಕ್ಷಣ ಕಾಣಿಸಿಕೊಂಡಿದ್ದರಿಂದ 2009ರಲ್ಲಿ ಅಮೆರಿಕದ ಔಷಧ ಇಲಾಖೆ ಈ ಜೆಲ್‌ಗಳ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ತೋಳು ಮುಚ್ಚೋ ಬಟ್ಟೆ ಹಾಕಿದರೆ ಸಾಕು ಅಂತಾರೆ. ನನಗೆ ಮನಸ್ಸು ಒಪ್ಪಲಿಲ್ಲ.

ಆಮೇಲೆ ಎರಡು ವಾರಕ್ಕೊಂದು ಎನಾಂಥೇಟ್ ಅನ್ನೋ ರೂಪದ ಟೆಸ್ಟೋಸ್ಟೆರಾನ್ ಇಂಜೆಕ್ಷನ್. ಬೆಲೆ ಕಡಿಮೆ, ಸುಲಭಕ್ಕೆ ಸಿಗುತ್ತೆ, ಮಗುವಿನ ಭಯ ಇಲ್ಲ. ಆದರೆ ಇದು ಜಾತ್ರೆಯ ತೊಟ್ಟಿಲು. ಚುಚ್ಚಿಸಿಕೊಂಡ ಎರಡು ಮೂರು ದಿನಕ್ಕೆ ಮಟ್ಟ ಮಾಮೂಲಿಗಿಂತ ಮೇಲೆ, ಎರಡನೇ ವಾರದ ಕೊನೆಗೆ ಮತ್ತೆ ಪಾತಾಳ. ಮೊದಲ ವಾರ ಸುಮ್ಮಸುಮ್ಮನೆ ರೇಗೋದು, ಎರಡನೇ ವಾರ ಸೋಫಾ ಬಿಟ್ಟು ಏಳದಿರೋದು. ನನ್ನ ಹೆಂಡತಿ ಏನಾದರೂ ಕೇಳುವ ಮೊದಲು "ಇದು ಯಾವ ವಾರ ರೀ?" ಅನ್ನೋಳು. ಜೊತೆಗೆ ಹೆಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಏರಿತು, ರಕ್ತ ದಪ್ಪಗಾಯಿತು. ಆ ಪಾಲು 54 ಪರ್ಸೆಂಟ್ ದಾಟಿದರೆ ಔಷಧಿ ನಿಲ್ಲಿಸಬೇಕು. ಜೆಲ್‌ಗಿಂತ ಈ ಬಗೆಯ ಸೂಜಿಯಲ್ಲಿ ಈ ತೊಂದರೆ ಜಾಸ್ತಿ. ಅರ್ಧ ಡೋಸ್ ವಾರಕ್ಕೊಮ್ಮೆ ತಗೊಂಡರೆ ಏರಿಳಿತ ತಗ್ಗುತ್ತದೆ. ಆದರೆ ವಾರವಾರ ಯಾರು ಚುಚ್ಚಿಸಿಕೊಳ್ಳುತ್ತಾರೆ?

ನಮ್ಮಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ಹಾಗಾಗಿ ಹೃದಯದ ವಿಷಯ ಕೆದಕಿ ಕೆದಕಿ ಕೇಳಿದೆ. 2023ರಲ್ಲಿ ಬಂದ ಟ್ರಾವರ್ಸ್ ಅಧ್ಯಯನದಲ್ಲಿ ಸುಮಾರು 5,200 ಗಂಡಸರನ್ನು ನೋಡಿದ್ದಾರೆ. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಹೆಚ್ಚಲಿಲ್ಲ. ಹೃದಯ ಬಡಿತ ತಪ್ಪೋದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟೋದು ಸ್ವಲ್ಪ ಜಾಸ್ತಿಯಾಯಿತು. ಅಲ್ಲಿ ಕೊಟ್ಟಿದ್ದು ಜೆಲ್ ಅನ್ನೋದನ್ನ ಮರೀಬೇಡಿ. ಸೂಜಿ ತಗೊಳ್ಳೋರು ಅದನ್ನೇ ಹಿಡಿದುಕೊಂಡು ನಿಶ್ಚಿಂತೆಯಿಂದ ಇರೋ ಹಾಗಿಲ್ಲ.

ಈಗ ನಾನಿರೋದು ಮೂರನೇದರಲ್ಲಿ, ಅನ್‌ಡೆಕನೋಯೇಟ್ ಅನ್ನೋ ಮೂರು ತಿಂಗಳ ಸೂಜಿ. 1000 ಮಿಲಿಗ್ರಾಂ, 4 ಎಂಎಲ್ ಎಣ್ಣೆಯಲ್ಲಿ. ಎಣ್ಣೆ ಯಾವುದು ಗೊತ್ತಾ? ನಮ್ಮ ಹರಳೆಣ್ಣೆಯೇ! ಕುಂಡೆಗೆ ನಿಧಾನವಾಗಿ ತಳ್ಳಬೇಕು, ಅವಸರ ಮಾಡಿದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗಿ ಕೆಮ್ಮು ಹತ್ತಬಹುದು, ಅದಕ್ಕೇ ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಎರಡನೇದು 6 ವಾರಕ್ಕೆ, ಮುಂದೆ 10ರಿಂದ 14 ವಾರಕ್ಕೊಂದು. ಒಮ್ಮೆಗೆ ದುಡ್ಡು ಜಾಸ್ತಿ ಬೀಳುತ್ತೆ, ಆ ದಿನ ಬೈಕ್ ಸೀಟು ಶತ್ರು. ಆದರೆ ಮನೆಯಲ್ಲಿ ವಾರ ಎಣಿಸೋದು ನಿಂತಿದೆ. ಒಂದೇ ಕೊರತೆ, ಮೈಗೆ ಆಗದಿದ್ದರೆ ವಾಪಸ್ ತೆಗೆಯೋಕಾಗಲ್ಲ. ಅದಕ್ಕೇ ಹೊಸಬರು ನೇರ ಇದಕ್ಕೆ ಹಾರೋದು ನನಗಂತೂ ಸರಿ ಕಾಣಲ್ಲ. ಮೊದಲು ಜೆಲ್ ಹಚ್ಚಿ ನೋಡಲಿ.

ಕ್ಯಾಪ್ಸೂಲೂ ಇದೆ, ಜಿಡ್ಡಿನ ಊಟದ ಜೊತೆ ನುಂಗಬೇಕು. ಕೊಲೆಸ್ಟ್ರಾಲ್ ಇರೋ ನನಗೆ ಅದರ ತಂಟೆ ಬೇಡವಾಗಿತ್ತು.

ಇದೆಲ್ಲ ಕೇಳಿ ನನ್ನ ಭಾಮೈದ "ಭಾವ, ನಾನೂ ಶುರು ಮಾಡ್ಲಾ?" ಅಂದ. ಅವನಿಗಿನ್ನೂ ಮಕ್ಕಳಾಗಿಲ್ಲ. ಹೊರಗಿಂದ ಹಾರ್ಮೋನು ಬಂದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ವೀರ್ಯಾಣು ತಯಾರಾಗೋದು ನಿಂತೇ ಹೋಗಬಹುದು. ಮೂರರಲ್ಲೂ ಅದೇ ಕಥೆ. ಅಂಥವರಿಗೆ ಮೈ ತಾನೇ ಹಾರ್ಮೋನು ಮಾಡಿಕೊಳ್ಳೋ ಹಾಗೆ ಮಾಡುವ ಕ್ಲೊಮಿಫೀನ್, ಎಚ್‌ಸಿಜಿ ಅನ್ನೋ ಔಷಧಿಗಳ ಬೇರೆ ದಾರಿ ಇದೆ. "ಜಿಮ್ಮಿನವನ ಮಾತು ಕೇಳಿ ಏನೂ ಚುಚ್ಚಿಸ್ಕೋಬೇಡ ಕಣೋ, ವೀರ್ಯ ಪರೀಕ್ಷೆ ಮಾಡಿಸಿ ಆ ರಿಪೋರ್ಟ್ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗು" ಅಂದಿದ್ದೇನೆ.