ಹನ್ನೊಂದು ಹೆಸರು ಆರಿಸೋಕೆ ಒಂದು ವಾರ: ವಿದ್ಯಾನಗರದ ಗೇಮಿಂಗ್ ಪಾರ್ಲರ್

ದಾವಣಗೆರೆಯ ವಿದ್ಯಾನಗರದಲ್ಲಿ ಜೆರಾಕ್ಸ್ ಅಂಗಡಿ ಮೇಲೆ ಒಂದು ಗೇಮಿಂಗ್ ಪಾರ್ಲರ್ ಇದೆ. ಗಂಟೆಗೆ 80 ರೂಪಾಯಿ. ಮೆಟ್ಟಿಲು ಕಿರಿದು, ಕೆಳಗೆ ಬೈಕ್ ನಿಲ್ಲಿಸೋಕೆ ಜಾಗ ಸಿಕ್ಕರೆ ಪುಣ್ಯ. ಅಲ್ಲಿನ ಪ್ಲೇಸ್ಟೇಷನ್ ಬಗ್ಗೆ ನಾನು ಬರೆಯುತ್ತಿಲ್ಲ. ಅಲ್ಲಿನ ಓನರ್ ಅಣ್ಣ ನಡೆಸುವ ಐಸ್ ಹಾಕಿ ಲೀಗ್ ಬಗ್ಗೆ ಬರೆಯುತ್ತಿದ್ದೇನೆ.

ಲೀಗ್ ಅಂದರೆ ಪೇಪರ್ ಮೇಲಿನ ತಂಡಗಳು. ಆರು ತಂಡ, ತಂಡಕ್ಕೆ 18 ಜನ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಆಟಗಾರರು, ಸೀಸನ್‌ಗೆ 200 ರೂಪಾಯಿ. ಅಮೆರಿಕದ ಸಂಜೆ ಪಂದ್ಯ ನಮಗೆ ಬೆಳಗಿನ ಜಾವ ಬರುತ್ತದೆ. ಪಂದ್ಯ ಮುಗಿದ ಮೇಲೆ ಅಣ್ಣ ಲಾಂಗ್ ಬುಕ್ ತೆಗೆದು ಯಾರು ಗೋಲ್ ಹೊಡೆದರು, ಯಾರು ಪಾಸ್ ಕೊಟ್ಟು ಅಸಿಸ್ಟ್ ಮಾಡಿದರು ಅಂತ ಕೆಂಪು ಪೆನ್ನಲ್ಲಿ ಬರೆದಿಡುತ್ತಾರೆ. ಎರಡು ವರ್ಷದಲ್ಲಿ ಒಂದು ಲೆಕ್ಕವೂ ತಪ್ಪಿಲ್ಲ.

ಈ ಸಲ ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ಹುಡುಗರು ಸೇರಿ ಏಳನೇ ತಂಡ ಬೇಕು ಅಂದರು. ಹಳೇ ತಂಡಗಳಿಂದ ತಲಾ ಒಬ್ಬರನ್ನು ಅವರು ಎತ್ತಿಕೊಳ್ಳಬಹುದು, ಉಳಿದವರನ್ನು ಯಾರ ತಂಡದಲ್ಲೂ ಇಲ್ಲದವರಲ್ಲಿ ಹುಡುಕಿಕೊಳ್ಳಬೇಕು. ನಿಯಮವನ್ನು ಅಣ್ಣ ಸುಮ್ನೆ ಕಟ್ಟಿದ್ದಲ್ಲ, 2017ರಲ್ಲಿ ವೇಗಸ್ ಮತ್ತು 2021ರಲ್ಲಿ ಸಿಯಾಟಲ್ ತಂಡ ಬಂದಾಗ ಎನ್‌ಎಚ್‌ಎಲ್ ಇಟ್ಟಿದ್ದ ಅದೇ ನಿಯಮವನ್ನು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದರು. ಹಳೇ ತಂಡದವರು ಹೊಸಬರು ಎತ್ತಿಕೊಳ್ಳದ ಹಾಗೆ ಏಳು ಫಾರ್ವರ್ಡ್, ಮೂರು ಡಿಫೆಂಡರ್, ಒಬ್ಬ ಗೋಲ್‌ಕೀಪರ್ ಹೆಸರು ಬರೆದು ಉಳಿಸಿಕೊಳ್ಳಿ. ಇಲ್ಲವಾ, ಫಾರ್ವರ್ಡ್ ಡಿಫೆಂಡರ್ ಸೇರಿ ಎಂಟು ಜನ, ಜೊತೆಗೆ ಒಬ್ಬ ಗೋಲ್‌ಕೀಪರ್. ವೃತ್ತಿ ಆಟದ ಮೊದಲ ಎರಡು ವರ್ಷದಲ್ಲಿರುವ ಆಟಗಾರರನ್ನು ಮುಟ್ಟೋ ಹಾಗಿಲ್ಲ, ಅವರು ಪಟ್ಟಿಗೇ ಬೇಡ.

ನನ್ನ ಹತ್ತಿರ ನಾಲ್ಕು ಒಳ್ಳೆ ಡಿಫೆಂಡರ್‌ಗಳಿದ್ದರು. ಮಕಾರ್, ವೆರೆನ್‌ಸ್ಕಿ, ಜೋಸಿ, ಹೆಡ್ಮನ್. ನಾಲ್ವರೂ ಬೇಕು ಅಂದರೆ ಎಂಟರ ಲೆಕ್ಕಕ್ಕೆ ಹೋಗಬೇಕು, ಆಗ ಫಾರ್ವರ್ಡ್‌ಗಳಿಗೆ ಉಳಿಯೋದು ನಾಲ್ಕೇ ಜಾಗ. ಒಬ್ಬ ಡಿಫೆಂಡರ್‌ಗೋಸ್ಕರ ಮೂರು ಫಾರ್ವರ್ಡ್‌ಗಳನ್ನು ಬಾಗಿಲಾಚೆ ನಿಲ್ಲಿಸಿದ ಹಾಗೆ. 2017ರಲ್ಲಿ ಎನ್‌ಎಚ್‌ಎಲ್‌ನ ಫ್ಲೋರಿಡಾ ತಂಡ ಮಾಡಿದ್ದು ಇದನ್ನೇ. ನಾಲ್ಕು ಡಿಫೆಂಡರ್‌ಗಳನ್ನು ಇಟ್ಟುಕೊಂಡು, ಆ ಸೀಸನ್ 30 ಗೋಲ್ ಹೊಡೆದಿದ್ದ ಫಾರ್ವರ್ಡ್ ಮಾರ್ಶೆಸೊನನ್ನು ಬಿಟ್ಟಿತು. ರೈಲಿ ಸ್ಮಿತ್‌ನನ್ನೂ ನಾಲ್ಕನೇ ಸುತ್ತಿನ ಒಂದು ಪಿಕ್‌ಗೆ (ಹೊಸಬರನ್ನು ಆರಿಸೋ ಸರದಿ) ವೇಗಸ್‌ಗೇ ಕೊಟ್ಟಿತು. ಒಬ್ಬ ಹೋಗಬೇಕಾದ ಕಡೆ ಇಬ್ಬರು ಹೋದರು. ಮೊದಲ ವರ್ಷವೇ 109 ಅಂಕ ತೆಗೆದು ಫೈನಲ್ ಆಡಿದ ತಂಡ ವೇಗಸ್. ಅದೇ ಮಾರ್ಶೆಸೊ 2023ರಲ್ಲಿ ವೇಗಸ್ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಟ್ರೋಫಿ) ಗೆದ್ದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರ.

ಪಟ್ಟಿ ಮಾಡೋರಿಗೆ ನಾನು ಹೇಳೋದು ಇಷ್ಟೇ: ನಿಮ್ಮಿಂದ ಹೋಗೋದು ಒಬ್ಬನೇ. ಅವನು ಹೋಗ್ತಾನೆ ಅಂತ ಹೆದರಿ ಇನ್ನೊಬ್ಬನನ್ನು ಲಂಚವಾಗಿ ಕೊಡಬೇಡಿ. ಕೊಲಂಬಸ್ ಮೊದಲ ಸುತ್ತಿನ ಪಿಕ್, ಎರಡನೇ ಸುತ್ತಿನ ಪಿಕ್ ಎಲ್ಲಾ ಕೊಟ್ಟು, ತನಗೆ ಬೇಕಾದವರನ್ನು ಬಿಟ್ಟು ವಿಲಿಯಂ ಕಾರ್ಲ್‌ಸನ್‌ನನ್ನು ತಗೊಳ್ಳಿ ಅಂತ ಒಪ್ಪಿಸಿತು. ಹಿಂದಿನ ಸೀಸನ್ ಆರು ಗೋಲ್ ಹೊಡೆದಿದ್ದವನು ವೇಗಸ್‌ನಲ್ಲಿ 43 ಹೊಡೆದ. ಅನಾಹೈಮ್ ಶೇ ಥಿಯೋಡೋರ್‌ನನ್ನು ಹೀಗೇ ಕಳೆದುಕೊಂಡಿತು. ನಮ್ಮ ಆರ್‌ಸಿಬಿಯೂ ಹೆಸರು ಆರಿಸೋದರಲ್ಲೇ ಪೆಟ್ಟು ತಿಂದಿತ್ತು ಅಲ್ವಾ? 2018ರಲ್ಲಿ ಕೊಹ್ಲಿ, ಎಬಿಡಿ ಜೊತೆ ಸರ್ಫರಾಜ್‌ನನ್ನು ಉಳಿಸಿಕೊಂಡರು. ನಮ್ಮ ರಾಹುಲ್ ಹರಾಜಿಗೆ ಹೋದ. ಪಂಜಾಬ್ 11 ಕೋಟಿ ಕೊಟ್ಟು ಕೊಂಡಿತು, ಆ ಸೀಸನ್ 659 ರನ್. ನನಗೆ ಇವತ್ತಿಗೂ ಅದು ನುಂಗಲಾರದ ತುತ್ತು.

ಗೋಲ್‌ಕೀಪರ್ ವಿಷಯಕ್ಕೆ ಮೂರು ದಿನ ನಿದ್ದೆಗೆಟ್ಟೆ. ಹೆಲೆಬಕ್, ಓಟಿಂಗರ್, ಇಬ್ಬರಲ್ಲಿ ಒಬ್ಬ. ಓಟಿಂಗರ್ ಐದು ವರ್ಷ ಚಿಕ್ಕವನು. ಪಿಟ್ಸ್‌ಬರ್ಗ್ ಕೂಡ ವಯಸ್ಸು ನೋಡಿಯೇ ಮರ್ರಿಯನ್ನು ಇಟ್ಟುಕೊಂಡು ಫ್ಲ್ಯೂರಿಯನ್ನು ಬಿಟ್ಟಿತು. ಆ ಫ್ಲ್ಯೂರಿಯೇ ಮುಂದಿನ ವರ್ಷ ವೇಗಸ್‌ನ ಗೋಲ್ ಕಾದು ಫೈನಲ್‌ವರೆಗೆ ಕರೆದುಕೊಂಡು ಹೋದ. ಶನಿವಾರ ಸಂಜೆ ಕೆಳಗಿನ ಗಾಡಿಯಿಂದ ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು ಪೆನ್ಸಿಲ್ ಹಿಡಿದು ಕೂತಿದ್ದೆ. ಹನ್ನೊಂದನೇ ಹೆಸರು ಬರೆದು ಅಳಿಸಿ ಬರೆದು ಅಳಿಸಿ ಕಾಗದ ತೂತಾಗಿತ್ತು. ಅಣ್ಣ ಬಂದು ಬೇರೆ ಹಾಳೆ ಕೊಟ್ಟರು. "ನಿನ್ನ ಕುರ್ಚಿಯಿಂದ ಯಾಕಪ್ಪಾ ನೋಡ್ತೀಯಾ, ಆ ಹುಡುಗರ ಕುರ್ಚಿಯಲ್ಲಿ ಕೂತು ನೋಡು" ಅಂದರು.

ಕೂತು ನೋಡಿದೆ. ಆರು ತಂಡದಲ್ಲಿ ಇರೋದು ಹನ್ನೆರಡು ಗೋಲ್‌ಕೀಪರ್‌ಗಳು. ಎನ್‌ಎಚ್‌ಎಲ್‌ನಲ್ಲಿ 32 ತಂಡ. ಅಂದರೆ ಹುಡುಗರಿಗೆ ಒಳ್ಳೆ ಗೋಲ್‌ಕೀಪರ್ ಪುಕ್ಕಟೆ ಸಿಗುತ್ತಾನೆ, ಒಳ್ಳೆ ಡಿಫೆಂಡರ್ ಸಿಗಲ್ಲ. ನಾನು ಕಾಯಬೇಕಾಗಿದ್ದು ಅಲ್ಲಿ. ಹೆಲೆಬಕ್‌ನನ್ನು ಬರೆದು, ಓಟಿಂಗರ್‌ನನ್ನು ಧೈರ್ಯವಾಗಿ ಬಿಟ್ಟೆ. ಏಳು-ಮೂರು-ಒಂದು.

ಇನ್ನು ಸರಿಹೋಗಬೇಕಾದ್ದು. ಚಾರ್ಟ್‌ನಲ್ಲಿ ಮೊದಲು ಒಂದು ಮುಖ್ಯ ನಿಯಮ ಇರಲಿಲ್ಲ. ಎನ್‌ಎಚ್‌ಎಲ್‌ನ ನಿಜವಾದ ಡ್ರಾಫ್ಟ್‌ನಲ್ಲಿ (ಹೊಸ ತಂಡ ಆಟಗಾರರನ್ನು ಆರಿಸೋದು), ನಿಗದಿಯಷ್ಟು ಪಂದ್ಯ ಆಡಿರುವ ಇಬ್ಬರು ಫಾರ್ವರ್ಡ್, ಒಬ್ಬ ಡಿಫೆಂಡರ್‌ನನ್ನಾದರೂ ಬಿಡಲೇಬೇಕಿತ್ತು. ಇಲ್ಲದಿದ್ದರೆ ಹೊಸ ತಂಡಕ್ಕೆ ಸಿಗೋದು ಗಾಯಾಳುಗಳೇ. ನಾವು ಹೇಳಿದ ಮೇಲೆ ಅಣ್ಣ ಅದೇ ದಿನ ಸೇರಿಸಿದರು. ಪಟ್ಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಸಿಕೊಳ್ಳುತ್ತಾರೆ, ಆದರೆ ಡಬ್ಬಿ ಕೌಂಟರ್ ಮೇಲೇ ಇರುತ್ತದೆ, ಬೀಗ ಇಲ್ಲ. ಇದು ನನಗೆ ಹಿಡಿಸಲಿಲ್ಲ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ಮಾತ್ರ. ಎರಡನೇ ಟಿವಿಯ ಕಂಟ್ರೋಲರ್ ಎಡಗಡೆಗೆ ಎಳೆಯುತ್ತೆ, ಅದನ್ನು ತಗೋಬೇಡಿ.

ಆದರೆ ಯೋಚಿಸೋಕೆ ಪೂರ್ತಿ ಒಂದು ವಾರ ಕೊಟ್ಟರು ನೋಡಿ, 200 ರೂಪಾಯಿ ಅದಕ್ಕೇ ಸಾರ್ಥಕ. ಮೊಬೈಲ್‌ನಲ್ಲಿ ಟೀಮ್ ಕಟ್ಟೋ ಆಟಗಳನ್ನೂ ಆಡಿದ್ದೇನೆ. ಹಿಂದೆ ಕೂತು "ಇವನನ್ನು ಬಿಡ್ತೀಯಾ?" ಅಂತ ಕೇಳೋರು ಅಲ್ಲಿ ಇರಲ್ಲ.

ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ ಮುಗಿಸಿ ಹತ್ತಕ್ಕೆ ಎಲ್ಲರೂ ಸೇರಿದೆವು. ಅಣ್ಣ ಒಂದೊಂದೇ ಚೀಟಿ ಬಿಡಿಸಿ ಓದಿದರು, ಹುಡುಗರು ಮೂಲೆಯಲ್ಲಿ ಪಿಸುಗುಟ್ಟಿಕೊಂಡು ಬಂದು ಹೆಸರು ಹೇಳುತ್ತಿದ್ದರು. ನನ್ನ ಸರದಿ ನಾಲ್ಕನೆಯದು. ಓಟಿಂಗರ್ ಕಡೆ ಅವರು ತಿರುಗಿಯೂ ನೋಡಲಿಲ್ಲ. ಹೆಡ್ಮನ್‌ನನ್ನು ಕೇಳಿದರು. ಅಣ್ಣ ಲಾಂಗ್ ಬುಕ್‌ನ ನನ್ನ ಪುಟದಲ್ಲಿ ಆ ಹೆಸರಿನ ಮೇಲೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದರು. ಎರಡು ವರ್ಷ ನನ್ನ ತಂಡದಲ್ಲಿದ್ದವನು, ಹೊಟ್ಟೆಯಲ್ಲಿ ಸಂಕಟ ಆಯಿತು. ಆದರೆ ಏಳು ಫಾರ್ವರ್ಡ್‌ಗಳೂ ನನ್ನ ಹತ್ತಿರವೇ ಇದ್ದಾರೆ.

ಎಂಟನೇ ತಂಡಕ್ಕೆ ಜಾಗ ಇದೆಯಂತೆ. ಸಂಜೆ ಆರರ ಮೇಲೆ ಹೋದರೆ ಅಣ್ಣ ಸಿಗುತ್ತಾರೆ.